ಇನ್ನೂ ಬಾರದ ಆ ದಿನ: ಸ್ಪೆನ್ಸರ್, ಮಿಲ್ಟನ್ ಕಾವ್ಯಗಳಲ್ಲಿ ಲೋಕದ ಕೊನೆ

ಒಂದು ಚಿತ್ರದಿಂದ ಶುರು ಮಾಡುತ್ತೇನೆ. ಒಂದು ಬಯಲು. ಅದರ ತುಂಬ ಸತ್ತು ಬಿದ್ದಿರುವ ಘಟಸರ್ಪ. ಮೂರು ದಿನದ ಕಾಳಗ ಮುಗಿದಿದೆ. ಕೋಟೆಯ ಬಾಗಿಲು ತೆಗೆದಿದೆ, ಒಳಗೆ ಹೆದರಿ ಕೂತಿದ್ದ ಜನ ಹೊರಗೆ ಬಂದಿದ್ದಾರೆ. ಆದರೆ ಹತ್ತಿರ ಹೋಗಲು ಯಾರಿಗೂ ಧೈರ್ಯವಿಲ್ಲ. ಮುಟ್ಟಬೇಡಿ, ಒಳಗೆ ಇನ್ನೂ ಒಂಚೂರು ಜೀವ ಇದ್ದರೂ ಇರಬಹುದು ಅನ್ನುತ್ತಾನೆ ಒಬ್ಬ. ಹೊಟ್ಟೆಯಲ್ಲಿ ಮರಿಗಳಿದ್ದರೆ ಏನು ಗತಿ ಅನ್ನುತ್ತಾನೆ ಇನ್ನೊಬ್ಬ. ಅಷ್ಟರಲ್ಲಿ ಒಂದು ಮಗು ಹತ್ತಿರ ಹೋಗಿ ಅದರ ಉಗುರು ಹಿಡಿದು ಆಟ ಆಡುತ್ತದೆ. ತಾಯಿಗೆ ಜೀವವೇ ಹೋದ ಹಾಗಾಗುತ್ತದೆ. ಮಗುವನ್ನು ಗದರಿಸುತ್ತಾಳೆ, ಆಮೇಲೆ ಪಕ್ಕದ ಹೆಂಗಸರಿಗೆ ಹೇಳುತ್ತಾಳೆ: ಯಾರಿಗೆ ಗೊತ್ತು, ಆ ಉಗುರು ಇನ್ನೂ ನನ್ನ ಮಗನ ಕೈ ಪರಚಿದರೆ? ಒಂದಿಬ್ಬರು ಗಟ್ಟಿ ಮನಸ್ಸಿನವರು ಮಾತ್ರ ಹತ್ತಿರ ನಿಂತು, ಇದು ಎಷ್ಟು ಎಕರೆ ಜಾಗ ಹಿಡಿದಿದೆ ಅಂತ ಅಳೆದು ನೋಡುತ್ತಿದ್ದಾರೆ.

ಇದು ಎಡ್ಮಂಡ್ ಸ್ಪೆನ್ಸರ್ ಬರೆದ 'ದಿ ಫೇರಿ ಕ್ವೀನ್' ಕಾವ್ಯದ ಒಂದನೇ ಪುಸ್ತಕದ ಕೊನೆಯಲ್ಲಿ ಬರುತ್ತದೆ. ಮೊದಲ ಮೂರು ಪುಸ್ತಕಗಳು ಅಚ್ಚಾದದ್ದು 1590ರಲ್ಲಿ. ಆ ಘಟಸರ್ಪ ಸುಮ್ನೆ ಕಥೆಗೆ ಬೇಕು ಅಂತ ಬಂದ ಪ್ರಾಣಿ ಅಲ್ಲ. ಬೈಬಲಿನ ಕೊನೆಯ ಪುಸ್ತಕ ಇದೆಯಲ್ಲ, ಯೋಹಾನನ ಪ್ರಕಟನೆ, ಅಲ್ಲಿಂದ ಎದ್ದು ಬಂದದ್ದು. ನಾನು ಈ ಪದ ಹಿಡಿದದ್ದೂ ಕನ್ನಡ ಬೈಬಲಿನಿಂದಲೇ. ಪ್ರಕಟನೆಯ ಹನ್ನೆರಡನೇ ಅಧ್ಯಾಯದಲ್ಲಿ ಏಳು ತಲೆ, ಹತ್ತು ಕೊಂಬಿನ ಆ ಕೆಂಪು ಪ್ರಾಣಿಗೆ ನಮ್ಮ ಅನುವಾದಕರು ಘಟಸರ್ಪ ಅಂತ ಹೆಸರು ಕೊಟ್ಟರು. ಎಷ್ಟು ಸರಿಯಾಗಿ ಕೂತಿದೆ ನೋಡಿ. ಡ್ರ್ಯಾಗನ್ ಅಂದರೆ ಚಿತ್ರದ ಪುಸ್ತಕದ್ದು ಅನ್ನಿಸುತ್ತದೆ, ಘಟಸರ್ಪ ಅಂದರೆ ಮೈ ಜುಮ್ ಅನ್ನುತ್ತದೆ.

ಪ್ರಕಟನೆಯನ್ನು ಓದದವರಿಗಾಗಿ ನಾಲ್ಕು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದಿಲ್ಲದೆ ಮುಂದಿನದು ಹಿಡಿಗೆ ಸಿಗುವುದಿಲ್ಲ. ಪತ್ಮೋಸ್ ಎಂಬ ದ್ವೀಪದಲ್ಲಿ ಯೋಹಾನನಿಗೆ ಒಂದಾದ ಮೇಲೊಂದು ದರ್ಶನ ಆಗುತ್ತದೆ. ಏಳು ಮುದ್ರೆಗಳು ಒಡೆಯುತ್ತವೆ, ಏಳು ತುತ್ತೂರಿಗಳು ಮೊಳಗುತ್ತವೆ. ಪರಲೋಕದಲ್ಲಿ ಯುದ್ಧ ಆಗಿ ದೇವದೂತರ ನಾಯಕ ಮಿಕಾಯೇಲ ಮತ್ತು ಅವನ ದೂತರು ಘಟಸರ್ಪವನ್ನು ಕೆಳಗೆ ತಳ್ಳುತ್ತಾರೆ. ಕೆನ್ನೀಲಿ, ಕಡುಗೆಂಪು ಬಟ್ಟೆ ಉಟ್ಟ ಒಬ್ಬ ಹೆಂಗಸು ಚಿನ್ನದ ಬಟ್ಟಲು ಹಿಡಿದು ಏಳು ತಲೆಯ ಮೃಗದ ಮೇಲೆ ಕೂತಿರುತ್ತಾಳೆ, ಅವಳ ಹೆಸರು ಬಾಬೆಲ್. ಸೈತಾನನನ್ನು ಸರಪಳಿಯಲ್ಲಿ ಕಟ್ಟಿ ಸಾವಿರ ವರ್ಷ ಪಾತಾಳಕ್ಕೆ ಹಾಕುತ್ತಾರೆ, ಆಮೇಲೆ ಸ್ವಲ್ಪ ಕಾಲ ಬಿಡುಗಡೆ. ಕೊನೆಗೆ ಸತ್ತವರೆಲ್ಲ ಎದ್ದು ನಿಲ್ಲುತ್ತಾರೆ, ತೀರ್ಪು ಆಗುತ್ತದೆ. ಹಳೆಯ ಭೂಮಿ, ಹಳೆಯ ಆಕಾಶ ಇಲ್ಲವಾಗಿ ಹೊಸವು ಬರುತ್ತವೆ. ಹೊಸ ಯೆರೂಸಲೇಮ್ ಪಟ್ಟಣ ಮದುವಣಗಿತ್ತಿಯ ಹಾಗೆ ಸಿಂಗರಿಸಿಕೊಂಡು ಮೇಲಿಂದ ಇಳಿಯುತ್ತದೆ. ಆಗ ದೇವರೇ ಜನರ ಕಣ್ಣೀರನ್ನೆಲ್ಲ ಒರೆಸುತ್ತಾನೆ, ಇನ್ನು ಸಾವಿಲ್ಲ, ಗೋಳಿಲ್ಲ. ಈ ಕಣ್ಣೀರಿನ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ನಮಗೆ ಪ್ರಳಯ ಅಂದರೆ ಹೊಸ ಮಾತಲ್ಲ. ಆದರೆ ನಮ್ಮಲ್ಲಿ ಒಂದು ಯುಗ ಮುಗಿದರೆ ಇನ್ನೊಂದು, ಚಕ್ರ ತಿರುಗುತ್ತಲೇ ಇರುತ್ತದೆ. ಇಲ್ಲಿ ಹಾಗಲ್ಲ. ಲೋಕ ಒಂದೇ ಸಲ ಹುಟ್ಟುತ್ತದೆ, ಒಂದೇ ಸಲ ಮುಗಿಯುತ್ತದೆ. ಎರಡನೇ ಅವಕಾಶ ಇಲ್ಲದ ಕಥೆ ಇದು. ಅದಕ್ಕೇ ಆ ಕೊನೆ ಯಾವಾಗ ಅನ್ನುವ ಪ್ರಶ್ನೆಗೆ ಅಷ್ಟು ತೂಕ. ಅದು ಇವತ್ತೋ, ಮುಂದಿನ ವರ್ಷವೋ, ನಮ್ಮ ಮಕ್ಕಳ ಕಾಲಕ್ಕೋ ಎಂದು ಹದಿನಾರು, ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಪಂಡಿತರೂ ಲೆಕ್ಕ ಹಾಕಿದರು, ಪೀಪಾಯಿ ಮಾಡುವವರೂ ಹಾಕಿದರು. ಇದೇ ಕಾಲದಲ್ಲಿ ಆ ಭಾಷೆಯ ದೊಡ್ಡ ಮಹಾಕಾವ್ಯಗಳು ಬರೆಯಲ್ಪಟ್ಟವು.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಆ ಕವಿಗಳು ಕೊನೆಯ ದಿನವನ್ನು ಪೂರಾ ನಂಬಿದ್ದರು. ಆದರೂ ತಮ್ಮ ಕಾವ್ಯದೊಳಗೆ ಅದನ್ನು ಬರಲು ಬಿಡಲಿಲ್ಲ. ಬಾಗಿಲವರೆಗೆ ಕರೆದುಕೊಂಡು ಬಂದು, ಇನ್ನೂ ಇಲ್ಲ ಅಂದರು. ಆ 'ಇನ್ನೂ ಇಲ್ಲ' ಎಂಬ ಜಾಗದಲ್ಲೇ ಅವರ ಒಳ್ಳೆಯ ಕವಿತೆಯೆಲ್ಲ ಇದೆ ಅಂತ ನನಗೆ ಅನ್ನಿಸುತ್ತದೆ.

ಮೊದಲು ಸ್ಪೆನ್ಸರ್. ಒಂದನೇ ಪುಸ್ತಕದ ನಾಯಕ ಕೆಂಪು ಶಿಲುಬೆಯ ಯೋಧ. ಜೊತೆಗೆ ಊನಾ ಎಂಬ ಹುಡುಗಿ. ಅವಳ ತಂದೆ ತಾಯಿ ಏದೆನಿನ, ಅಂದರೆ ಬೈಬಲಿನಲ್ಲಿ ಮೊದಲ ಮನುಷ್ಯರು ಇದ್ದ ನಾಡಿನ, ರಾಜ ರಾಣಿ, ಘಟಸರ್ಪಕ್ಕೆ ಹೆದರಿ ಕೋಟೆಯೊಳಗೆ ಸಿಕ್ಕಿಬಿದ್ದಿದ್ದಾರೆ. ಅವರನ್ನು ಬಿಡಿಸಬೇಕು. ದಾರಿಯಲ್ಲಿ ಡ್ಯುಎಸ್ಸಾ ಎಂಬ ಮೋಸದ ಹೆಂಗಸು ಸಿಗುತ್ತಾಳೆ. ಕೆನ್ನೀಲಿ ಬಟ್ಟೆ, ಚಿನ್ನದ ಬಟ್ಟಲು, ಏಳು ತಲೆಯ ಮೃಗದ ಸವಾರಿ. ಪ್ರಕಟನೆಯ ಬಾಬೆಲೇ ಬಂದು ನಿಂತ ಹಾಗೆ. ಆ ಕಾಲದ ಇಂಗ್ಲಿಷ್ ಪ್ರೊಟೆಸ್ಟೆಂಟರಿಗೆ ಇದು ಯಾರು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1560ರ ಜಿನೀವಾ ಬೈಬಲಿನ ಪುಟದಂಚಿನ ಟಿಪ್ಪಣಿಗಳೇ ಅವಳನ್ನು ಪೋಪನ ರೋಮ್ ಎಂದು ಬಿಡಿಸಿ ಹೇಳಿದ್ದವು. ಇದು ಆ ಕಾಲದ ಜಗಳ. ಕ್ಯಾಥೊಲಿಕರಿಗೆ ಅದನ್ನು ಓದಲು ಎಷ್ಟು ನೋವಾಗುತ್ತದೆ ಎಂಬುದನ್ನು ಮರೆತು ನಾವು ಓದಬಾರದು. ನನಗೆ ಕಾವ್ಯದ ಈ ಭಾಗ ಅಷ್ಟು ಹಿಡಿಸುವುದಿಲ್ಲ, ಬಯ್ಗುಳ ಜಾಸ್ತಿ. ಮುಂದೆ ಹೋಗೋಣ.

ಹತ್ತನೇ ಸಂಧಿಯಲ್ಲಿ ಒಂದು ಬೆಟ್ಟ ಬರುತ್ತದೆ. ಸೋತು, ಕುಗ್ಗಿ, ಗುಣವಾಗುತ್ತಿರುವ ಯೋಧನನ್ನು ಒಬ್ಬ ಮುದುಕ ಸನ್ಯಾಸಿ ಆ ಬೆಟ್ಟದ ತುದಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿಂದ ಹೊಸ ಯೆರೂಸಲೇಮ್ ಕಾಣುತ್ತದೆ. ದೂತರು ಆಕಾಶದಿಂದ ಆ ಪಟ್ಟಣಕ್ಕೆ ಇಳಿಯುತ್ತಾ ಹತ್ತುತ್ತಾ, ಗೆಳೆಯರ ಮನೆಗೆ ಹೋಗಿ ಬರುವವರ ಹಾಗೆ ಓಡಾಡುತ್ತಿದ್ದಾರೆ. ಯೋಧನಿಗೆ ಅಲ್ಲಿಂದ ಕಾಲೇ ಬರುವುದಿಲ್ಲ. ನನ್ನನ್ನು ಮತ್ತೆ ಆ ಲೋಕಕ್ಕೆ ಕಳಿಸಬೇಡ, ಇಲ್ಲೇ ಇರುತ್ತೇನೆ, ಇಲ್ಲವೇ ಈಗಲೇ ಆ ದಾರಿ ಹಿಡಿಯುತ್ತೇನೆ ಅನ್ನುತ್ತಾನೆ. ಮುದುಕ ಒಪ್ಪುವುದಿಲ್ಲ. ಆ ಹುಡುಗಿಗೆ ಮಾತು ಕೊಟ್ಟಿದ್ದೀಯಲ್ಲ, ಆ ಕೆಲಸ ಮುಗಿಸು, ಆಮೇಲೆ ಬಾ. ಯೋಧ ಕೆಳಗೆ ನೋಡಿದರೆ ಕಣ್ಣು ಕತ್ತಲೆ ಕಟ್ಟುತ್ತದೆ, ಅಷ್ಟು ಬೆಳಕು ನೋಡಿದ ಕಣ್ಣಿಗೆ ನೆಲವೇ ಕಾಣಿಸುವುದಿಲ್ಲ. ಆದರೂ ಇಳಿಯುತ್ತಾನೆ. ಇದಕ್ಕಿಂತ ಜಾಸ್ತಿ ಹೇಳಬೇಕೇ? ಕೊನೆಯನ್ನು ಕಂಡವನಿಗೆ ಮೊದಲು ಸಿಗುವ ಆಜ್ಞೆ ಕೆಳಗಿಳಿ ಅನ್ನುವುದು.

ಇನ್ನು ಕಾಳಗ. ಮೊದಲ ದಿನ ಘಟಸರ್ಪದ ಬೆಂಕಿಗೆ ಕವಚವೇ ಕಾದು ಅವನ ಮೈ ಬೇಯುತ್ತದೆ. ಬಿದ್ದದ್ದು ಜೀವಜಲದ ಬಾವಿಯಲ್ಲಿ, ಅದರಿಂದ ಉಳಿಯುತ್ತಾನೆ. ಎರಡನೇ ದಿನ ಜೀವವೃಕ್ಷದ ಕೆಳಗೆ ಬೀಳುತ್ತಾನೆ, ಅದರಿಂದ ಸುರಿಯುವ ತೈಲ ಅವನನ್ನು ಉಳಿಸುತ್ತದೆ. ಮೂರನೇ ದಿನ ಬಾಯಿ ತೆರೆದು ಬಂದ ಘಟಸರ್ಪದ ಬಾಯೊಳಗೇ ಕತ್ತಿ ಹೋಗುತ್ತದೆ. ಮೂರನೇ ದಿನ ಅಂದಾಗ ಓದುವವರಿಗೆ ಕ್ರಿಸ್ತನ ಪುನರುತ್ಥಾನ ನೆನಪಾಗಬೇಕು, ಆಗುತ್ತದೆ.

ಹಾಗಾದರೆ ಈಗ ಮದುವೆ ಆಗಬೇಕಲ್ವಾ? ಪ್ರಕಟನೆಯಲ್ಲಿ ಕುರಿಮರಿಯ, ಅಂದರೆ ಕ್ರಿಸ್ತನ, ಮದುವೆಯ ಊಟ ಇದೆ, ಬಿಳಿ ನಾರುಮಡಿ ಉಟ್ಟ ಮದುವಣಗಿತ್ತಿ ಇದ್ದಾಳೆ. ಊನಾ ಕೂಡ ಇಷ್ಟು ದಿನ ಹೊದ್ದಿದ್ದ ಕಪ್ಪು ಬಟ್ಟೆ ತೆಗೆದು, ಒಂದು ಕಲೆಯೂ ಇಲ್ಲದ ಬಿಳಿ ಉಡುಗೆಯಲ್ಲಿ ಹೊರಗೆ ಬರುತ್ತಾಳೆ. ಇಷ್ಟು ದೂರ ಜೊತೆಗೆ ಬಂದ ಯೋಧನೇ ಅವಳ ಮುಖ ನೋಡಿ ಬೆರಗಾಗುತ್ತಾನೆ. ಎಲ್ಲ ತಯಾರು. ಆಗ ಅವನು ಹೇಳುತ್ತಾನೆ: ನಾನು ಆರು ವರ್ಷ ನನ್ನ ರಾಣಿಯ ಸೇವೆಯಲ್ಲಿ ಯುದ್ಧ ಮಾಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ, ವಾಪಸ್ ಹೋಗಬೇಕು. ಸರಿ, ಆರು ವರ್ಷ ಕಳೆದು ಬಾ ಅನ್ನುತ್ತಾನೆ ರಾಜ. ಮದುವೆ ನಿಶ್ಚಯವಾಗುತ್ತದೆ, ಹಬ್ಬ ನಡೆಯುತ್ತದೆ, ಆಮೇಲೆ ಅವನು ಹೊರಟುಹೋಗುತ್ತಾನೆ. ಊನಾ ದುಃಖದಲ್ಲಿ ಉಳಿಯುತ್ತಾಳೆ. ಆ ಪುಸ್ತಕ ಮುಗಿಯುವುದೇ ಹೀಗೆ.

ಇನ್ನೊಂದು ಸಣ್ಣ ವಿಷಯ. ಆ ಹಬ್ಬದ ನಡುವೆ ಮೋಸಗಾರ ಆರ್ಕಿಮಾಗೊ ಸುದ್ದಿ ತರುವವನ ವೇಷದಲ್ಲಿ ಡ್ಯುಎಸ್ಸಾಳ ಕಾಗದ ಹಿಡಿದು ಬರುತ್ತಾನೆ. ಗುರುತು ಸಿಕ್ಕಿ ಅವನಿಗೆ ಸರಪಳಿ ಹಾಕಿ ಕತ್ತಲೆ ಕೋಣೆಗೆ ತಳ್ಳುತ್ತಾರೆ. ಸೈತಾನನನ್ನು ಕಟ್ಟಿ ಪಾತಾಳಕ್ಕೆ ಹಾಕಿದ ಹಾಗೆ. ಪುಟ ತಿರುಗಿಸಿ ಎರಡನೇ ಪುಸ್ತಕ ತೆಗೆದರೆ ಮೊದಲ ಸುದ್ದಿಯೇ, ಅವನು ತಪ್ಪಿಸಿಕೊಂಡ! ಈಗ ಆ ತಾಯಿಯ ಮಾತಿಗೆ ವಾಪಸ್ ಬನ್ನಿ. ಸತ್ತ ಘಟಸರ್ಪದ ಉಗುರು ಮಗನ ಕೈ ಪರಚಿದರೆ ಅಂದಳಲ್ಲ. ಅವಳು ಹೇಳಿದ್ದು ಪೆದ್ದು ಮಾತಲ್ಲ. ಕಾವ್ಯದಲ್ಲಿ ಪರಿಸ್ಥಿತಿಯನ್ನು ಸರಿಯಾಗಿ ಅರ್ಥ ಮಾಡಿಕೊಂಡವಳು ಅವಳೇ.

ಸ್ಪೆನ್ಸರ್ 1599ರಲ್ಲಿ ತೀರಿಕೊಂಡ. ಕಾವ್ಯ ಅರ್ಧಕ್ಕೇ ನಿಂತಿತು. ಹತ್ತು ವರ್ಷದ ಮೇಲೆ, 1609ರಲ್ಲಿ, ಮಾರ್ಪಾಡಿನ ಬಗ್ಗೆ ಅವನು ಬರೆದಿದ್ದ ಕೆಲವು ಸಂಧಿಗಳು ಅಚ್ಚಾದವು. ಅದರಲ್ಲಿ ಕೊನೆಯದು ಎರಡೇ ಪದ್ಯ. ಲೋಕದಲ್ಲಿ ಎಲ್ಲವೂ ಬದಲಾಗುತ್ತದೆ, ಅದನ್ನು ನೋಡಿ ನೋಡಿ ನನಗೆ ಸಾಕಾಗಿದೆ, ಯಾವ ಬದಲಾವಣೆಯೂ ಇಲ್ಲದ ಆ ದೊಡ್ಡ ವಿಶ್ರಾಂತಿಯ ದಿನವನ್ನು ನನಗೆ ತೋರಿಸು ದೇವರೇ ಅಂತ ಕೇಳಿ ಕಾವ್ಯ ನಿಂತುಬಿಡುತ್ತದೆ. ಯೋಧನಿಗೆ ಆರು ವರ್ಷದ ಸೇವೆ, ಏಳನೆಯದು ಮದುವೆ. ದೇವರಿಗೆ ಆರು ದಿನದ ಕೆಲಸ, ಏಳನೆಯದು ವಿಶ್ರಾಂತಿ. ಕವಿ ಆರರಲ್ಲೇ ಉಳಿದ. ಅವನು ಬರೆದು ಮುಗಿಸಿದ್ದೂ ಆರೇ ಪುಸ್ತಕ.

ಈಗ ಮಿಲ್ಟನ್. ಅವನ ಮಹಾಕಾವ್ಯ 'ಪ್ಯಾರಡೈಸ್ ಲಾಸ್ಟ್', ಮೊದಲ ಮನುಷ್ಯರಾದ ಆದಾಮ ಹವ್ವ ದೇವರ ಮಾತು ಮೀರಿ ಏದೆನ್ ತೋಟ ಕಳೆದುಕೊಂಡ ಕಥೆ. ನಾನು ಓದಿದ ಕಾಲೇಜಿನಲ್ಲಿ 'ಪ್ಯಾರಡೈಸ್ ಲಾಸ್ಟ್' ಅಂದರೆ ಒಂದನೇ ಪುಸ್ತಕ ಮಾತ್ರ ಪಠ್ಯ. ಬೆಂಕಿ ಕೆರೆ, ಸೈತಾನನ ಭಾಷಣ, ಅಷ್ಟೇ. ಇಲ್ಲಿರುವ ತುಂಬ ಜನರದ್ದೂ ಇದೇ ಅನುಭವ ಇರಬಹುದು. ಹನ್ನೆರಡನೇ ಪುಸ್ತಕವನ್ನು ನಾನು ಓದಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಅವತ್ತು ನನಗೆ ಬೇಜಾರೇ ಆಯಿತು, ಇದನ್ನು ಯಾರೂ ನನಗೆ ಮೊದಲೇ ಓದಿಸಲಿಲ್ಲವಲ್ಲ ಅಂತ.

ಮಿಲ್ಟನ್ ಹುಟ್ಟಿದ್ದು 1608ರಲ್ಲಿ, ಲಂಡನ್ನಿನ ಬ್ರೆಡ್ ಸ್ಟ್ರೀಟಿನಲ್ಲಿ. 1629ರ ಕ್ರಿಸ್ಮಸ್ಸಿಗೆ, ಇಪ್ಪತ್ತೊಂದು ತುಂಬಿದ ಹೊಸದರಲ್ಲಿ, ಯೇಸುವಿನ ಹುಟ್ಟಿನ ಮೇಲೆ ಒಂದು ಪದ್ಯ ಬರೆದ. ಅದು ಮಹಾಕಾವ್ಯವಲ್ಲ, ಆದರೆ ಮುಂದಿನದರ ಬೀಜ ಅಲ್ಲೇ ಇದೆ. ದೂತರ ಹಾಡು ಕೇಳುತ್ತಾ ಕೇಳುತ್ತಾ ಕವಿಗೆ ಹುಮ್ಮಸ್ಸು ಬರುತ್ತದೆ. ಈ ಹಾಡು ಇನ್ನು ಸ್ವಲ್ಪ ಹೊತ್ತು ನಡೆದರೆ ಚಿನ್ನದ ಕಾಲವೇ ವಾಪಸ್ ಬರುತ್ತದೆ, ನರಕ ಖಾಲಿಯಾಗುತ್ತದೆ, ಪರಲೋಕದ ಬಾಗಿಲು ತೆರೆಯುತ್ತದೆ ಅನ್ನುತ್ತಾನೆ. ತಕ್ಷಣ ವಿಧಿ ಬಂದು ಬೇಡ ಅನ್ನುತ್ತದೆ. ಈಗಲೇ ಆಗಬಾರದು. ಮಗು ಇನ್ನೂ ತೊಟ್ಟಿಲಲ್ಲಿ ನಗುತ್ತಿದೆ, ಅದು ಮೊದಲು ಶಿಲುಬೆಗೆ ಏರಬೇಕು. ಆಮೇಲೆ ತೀರ್ಪಿನ ತುತ್ತೂರಿ ಮೊಳಗಬೇಕು. ಆಗ ನಮ್ಮ ಸುಖ ಪೂರ್ತಿಯಾಗುತ್ತದೆ, ಈಗ ಬರೀ ಶುರು. ಇಪ್ಪತ್ತೊಂದರ ಹುಡುಗನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಅಂತ ಆಶ್ಚರ್ಯ ಆಗುತ್ತದೆ.

ಆ ತಾಳ್ಮೆ ಉಳಿಯಲಿಲ್ಲ. ಅವನು ಓದಿದ ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲೇ ಜೋಸೆಫ್ ಮೀಡ್ ಎಂಬ ಪಂಡಿತ ಇದ್ದ. ಪ್ರಕಟನೆಯ ಬೀಗದ ಕೈ ನನ್ನ ಹತ್ತಿರ ಇದೆ ಅನ್ನುವ ಅರ್ಥದ ಒಂದು ಲ್ಯಾಟಿನ್ ಪುಸ್ತಕವನ್ನು ಅವನು 1627ರಲ್ಲಿ ಅಚ್ಚು ಹಾಕಿಸಿದ್ದ. ಸೈತಾನ ಕಟ್ಟಿಬಿದ್ದಿರುವಾಗ ಕ್ರಿಸ್ತ ನಡೆಸುವ ಸಾವಿರ ವರ್ಷದ ಆಳ್ವಿಕೆ ಕಳೆದುಹೋದದ್ದಲ್ಲ, ಮುಂದೆ ಬರಬೇಕಾದದ್ದು ಅನ್ನುವುದು ಅವನ ವಾದ. ದೇಶ ಒಳಯುದ್ಧಕ್ಕೆ ಇಳಿದ ಮೇಲೆ, 1643ರಲ್ಲಿ, ಅದು ಇಂಗ್ಲಿಷಿಗೂ ಬಂತು. ಆ ಹೊತ್ತಿಗೆ ಗಾಳಿಯೇ ಬದಲಾಗಿತ್ತು. 1641ರಲ್ಲಿ ಚರ್ಚಿನ ಸುಧಾರಣೆ ಬಗ್ಗೆ ಬರೆದ ಗದ್ಯದ ಕೊನೆಗೆ ಮಿಲ್ಟನ್ ಒಂದು ಪ್ರಾರ್ಥನೆ ಇಡುತ್ತಾನೆ. ಅದರಲ್ಲಿ ಕ್ರಿಸ್ತನನ್ನು 'ಇಷ್ಟರಲ್ಲೇ ಬರಲಿರುವ ರಾಜ' ಅಂತ ಕರೆಯುತ್ತಾನೆ. ಇಷ್ಟರಲ್ಲೇ! ಮೋಡ ಸೀಳಿ ಬಂದು ಲೋಕದ ರಾಜ್ಯಗಳನ್ನೆಲ್ಲ ವಿಚಾರಿಸುತ್ತಾನಂತೆ. ಆಗ ಅವನಿಗೆ ಮೂವತ್ತೆರಡು.

1649ರ ಜನವರಿ 30ರಂದು ರಾಜ ಒಂದನೇ ಚಾರ್ಲ್ಸ್‌ನ ತಲೆ ಕಡಿದರು. ಮಿಲ್ಟನ್ ಅದನ್ನು ಸಮರ್ಥಿಸಿ ಬರೆದ, ಹೊಸ ಸರ್ಕಾರದಲ್ಲಿ ಕೆಲಸ ಮಾಡಿದ. ಕೆಲವರು ಇನ್ನೂ ಮುಂದೆ ಹೋದರು. ಬೈಬಲಿನ ದಾನಿಯೇಲನ ಪುಸ್ತಕದಲ್ಲಿ ನಾಲ್ಕು ಸಾಮ್ರಾಜ್ಯ ಬಿದ್ದ ಮೇಲೆ ಐದನೆಯದು ದೇವರದು ಅಂತ ಇದೆಯಲ್ಲ, ಅದನ್ನು ಹಿಡಿದು ತಮ್ಮನ್ನು ಐದನೇ ರಾಜ್ಯದವರು ಅಂತ ಕರೆದುಕೊಂಡರು. ಭೂಮಿಯ ರಾಜ ಹೋದ, ಇನ್ನು ರಾಜ ಯೇಸು ಬರುತ್ತಾನೆ. ಬಂದದ್ದು ಎರಡನೇ ಚಾರ್ಲ್ಸ್, 1660ರಲ್ಲಿ. ಮರು ವರ್ಷ ಜನವರಿಯಲ್ಲಿ ಥಾಮಸ್ ವೆನ್ನರ್ ಎಂಬ ಪೀಪಾಯಿ ಕೆಲಸದವನು ಐವತ್ತರ ಆಸುಪಾಸು ಜನರನ್ನು ಕಟ್ಟಿಕೊಂಡು ರಾಜ ಯೇಸುವಿನ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಕತ್ತಿ ಹಿಡಿದ. ನಾಲ್ಕೈದು ದಿನದಲ್ಲಿ ಎಲ್ಲ ಮುಗಿಯಿತು. ವೆನ್ನರನನ್ನು ಗಲ್ಲಿಗೆ ಹಾಕಿದರು. ಅಷ್ಟು ಹೊತ್ತಿಗೆ ಮಿಲ್ಟನ್ ಪೂರ್ತಿ ಕುರುಡ. ಅವನ ಪುಸ್ತಕಗಳನ್ನು ಸರ್ಕಾರ ಸುಡಿಸಿತ್ತು. ಬಚ್ಚಿಟ್ಟುಕೊಂಡಿದ್ದು, ಸಿಕ್ಕಿಬಿದ್ದು, ಸ್ವಲ್ಪ ದಿನ ಜೈಲಿನಲ್ಲಿದ್ದು ಹೊರಗೆ ಬಂದಿದ್ದ.

ಈ ಮನುಷ್ಯ ಕತ್ತಲಲ್ಲಿ ಕೂತು ಕಾವ್ಯ ಕಟ್ಟಿದ್ದು. ರಾತ್ರಿ, ಬೆಳಗಿನ ಜಾವ ಸಾಲುಗಳು ಬರುತ್ತಿದ್ದವು. ಬೆಳಿಗ್ಗೆ ಬರೆದುಕೊಳ್ಳುವವರು ಬರುವುದು ತಡವಾದರೆ, ನನ್ನ ಹಾಲು ಕರೆಯಬೇಕು ಅಂತ ಚಡಪಡಿಸುತ್ತಿದ್ದನಂತೆ. ಅವನ ಹಳೆಯ ಜೀವನಚರಿತ್ರೆಯಲ್ಲಿ ಇದು ಇದೆ. ಕೆಚ್ಚಲು ಬಿಗಿದ ಹಸು ಹೇಗೆ ನಿಲ್ಲಲಾರದೆ ಕಾಲು ಬದಲಿಸುತ್ತದೆ ಅಂತ ನೋಡಿದವರಿಗೆ ಆ ಮಾತು ಎಷ್ಟು ನಿಜ ಅಂತ ಗೊತ್ತಾಗುತ್ತದೆ.

1665ರಲ್ಲಿ ಪ್ಲೇಗ್. ಮಿಲ್ಟನ್ ಚಾಲ್ಫಂಟ್ ಸೇಂಟ್ ಜೈಲ್ಸ್ ಎಂಬ ಹಳ್ಳಿಗೆ ಹೋದ. ಆಮೇಲೆ ಬಂತು 1666. ಪ್ರಕಟನೆಯಲ್ಲಿ ಮೃಗದ ಸಂಖ್ಯೆ 666. ರೋಮನ್ ಅಂಕಿಯಲ್ಲಿ 1666 ಬರೆದರೆ ಸಾವಿರದಿಂದ ಒಂದರವರೆಗಿನ ಏಳೂ ಅಕ್ಷರಗಳು ದೊಡ್ಡದರಿಂದ ಚಿಕ್ಕದಕ್ಕೆ, ಒಂದೊಂದೇ ಸಲ, ಸಾಲಾಗಿ ಇಳಿದು ಬರುತ್ತವೆ. ಲೆಕ್ಕ ಹಾಕುವವರಿಗೆ ಇನ್ನೇನು ಬೇಕು! ಡೈರಿ ಬರೆದ ಸ್ಯಾಮ್ಯುಯೆಲ್ ಪೀಪ್ಸ್ ಕೂಡ ಆ ವರ್ಷ 666ರ ಮೇಲಿನ ಒಂದು ಪುಸ್ತಕ ಓದಿ, ಸರಿಯೋ ತಪ್ಪೋ, ಭಾರಿ ಚೆನ್ನಾಗಿದೆ ಅಂತ ಬರೆದಿಟ್ಟ. ಸೆಪ್ಟೆಂಬರ್ 2ರಂದು ಲಂಡನ್ನಿಗೆ ಬೆಂಕಿ ಬಿತ್ತು. ನಾಲ್ಕು ದಿನ ಉರಿಯಿತು. ಸೇಂಟ್ ಪಾಲ್ಸ್ ಚರ್ಚಿನ ಚಾವಣಿಯ ಸೀಸ ಕರಗಿ ಬೀದಿಯಲ್ಲಿ ಹರಿಯಿತು. ಅದರ ಕೆಳಗಿನ ನೆಲಮಾಳಿಗೆಯಲ್ಲಿ ಭದ್ರವಾಗಿರುತ್ತದೆ ಅಂತ ಪುಸ್ತಕ ವ್ಯಾಪಾರಿಗಳು ತುಂಬಿಟ್ಟಿದ್ದ ಪುಸ್ತಕಗಳೆಲ್ಲ ಬೂದಿಯಾದವು. ಮಿಲ್ಟನ್ ಹುಟ್ಟಿದ ಬ್ರೆಡ್ ಸ್ಟ್ರೀಟೂ ಹೋಯಿತು.

ಆದರೂ ಲೋಕ ಮುಗಿಯಲಿಲ್ಲ. 1667ರ ಏಪ್ರಿಲ್ 27ರಂದು ಮಿಲ್ಟನ್ ಐದು ಪೌಂಡ್ ಮುಂಗಡ ಪಡೆದು ಕಾವ್ಯ ಅಚ್ಚು ಹಾಕಿಸುವ ಕರಾರಿಗೆ ಒಪ್ಪಿದ. ಬೆಂಕಿ ಆರಿ ಇನ್ನೂ ಎಂಟು ತಿಂಗಳಾಗಿರಲಿಲ್ಲ. ಆ ಪುಸ್ತಕ ಕೊಂಡ ಲಂಡನ್ನಿನವನು ಮೂರನೇ ಭಾಗಕ್ಕೆ ಬಂದಾಗ, ದೇವರು ತನ್ನ ಮಗನಿಗೆ ಹೇಳುವ ಮಾತು ಓದುತ್ತಾನೆ: ಲೋಕ ಸುಟ್ಟುಹೋಗುತ್ತದೆ, ಅದರ ಬೂದಿಯಿಂದ ಹೊಸ ಆಕಾಶ, ಹೊಸ ಭೂಮಿ ಚಿಗುರುತ್ತವೆ. ಕಿಟಕಿಯ ಹೊರಗೆ ಇನ್ನೂ ಕರಿ ಗೋಡೆಗಳು ನಿಂತಿರುವಾಗ ಆ ಸಾಲು ಓದುವುದು ಹೇಗಿದ್ದಿರಬೇಕು, ಯೋಚಿಸಿ ನೋಡಿ.

ಈಗ ಒಂದು ಲೆಕ್ಕ ಹೇಳುತ್ತೇನೆ. 'ಪ್ಯಾರಡೈಸ್ ಲಾಸ್ಟ್'ನಲ್ಲಿ ಹತ್ತು ಸಾವಿರದ ಐನೂರಕ್ಕೂ ಜಾಸ್ತಿ ಸಾಲುಗಳಿವೆ. ಲೋಕದ ಕೊನೆಯ ಬಗ್ಗೆ ನೇರವಾಗಿ ಹೇಳುವ ಸಾಲುಗಳನ್ನು ಒಟ್ಟು ಮಾಡಿದರೆ ನೂರು ದಾಟುವುದು ಕಷ್ಟ. ಮೂರನೇ ಪುಸ್ತಕದಲ್ಲಿ ಇಪ್ಪತ್ತು ಚಿಲ್ಲರೆ, ಹತ್ತರಲ್ಲಿ ಸ್ವಲ್ಪ, ಹನ್ನೊಂದರ ಕೊನೆಗೆ ನಾಲ್ಕು, ಹನ್ನೆರಡರಲ್ಲಿ ಅಲ್ಲಲ್ಲಿ. ಹಿಂದೆ ಇಷ್ಟರಲ್ಲೇ ಬರುತ್ತಾನೆ ಅಂದಿದ್ದ ಮನುಷ್ಯ ಇವನು. ಸಾವಿರ ವರ್ಷದ ಆಳ್ವಿಕೆಯ ದೊಡ್ಡ ದೃಶ್ಯ ಇಲ್ಲ, ಮೃಗದ ಸಂಖ್ಯೆ ಇಲ್ಲ, ಒಂದು ತಾರೀಖೂ ಇಲ್ಲ. ಅವನು ನಂಬಿಕೆ ಬಿಟ್ಟ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವನು ಲೆಕ್ಕ ಹಾಕುವುದನ್ನು ಬಿಟ್ಟ. ಅದು ಬೇರೆ.

ಆ ಇಪ್ಪತ್ತು ಸಾಲಿನಲ್ಲಿ ಒಂದು ಜಾಗವನ್ನು ಹತ್ತಿರದಿಂದ ನೋಡಬೇಕು. ಎಲ್ಲ ಮುಗಿದ ಮೇಲೆ ನೀನು ನಿನ್ನ ರಾಜದಂಡವನ್ನು ಕೆಳಗಿಡುತ್ತೀಯ ಅಂತ ತಂದೆ ಮಗನಿಗೆ ಹೇಳುತ್ತಾನೆ. ಯಾಕೆಂದರೆ ಆಗ ರಾಜದಂಡದ ಅಗತ್ಯವೇ ಇರುವುದಿಲ್ಲ, ದೇವರು ಎಲ್ಲರಲ್ಲಿ ಎಲ್ಲವೂ ಆಗಿರುತ್ತಾನೆ. ಮಗ ರಾಜ್ಯವನ್ನು ತಂದೆಗೆ ಒಪ್ಪಿಸುತ್ತಾನೆ ಅನ್ನುವುದು ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಕಾಗದದಲ್ಲಿ ಇದೆ. ಕೆಳಗಿಡುವ ಆ ರಾಜದಂಡ ಮಾತ್ರ ಮಿಲ್ಟನ್ ಸೇರಿಸಿದ್ದು. ರಾಜರ ವಿರುದ್ಧ ಜೀವ ಪಣಕ್ಕಿಟ್ಟು ಬರೆದವನು, ಸೋತವನು, ಮತ್ತೆ ಬಂದ ರಾಜನ ಊರಿನಲ್ಲಿ ಕುರುಡನಾಗಿ ಕೂತವನು, ಲೋಕದ ಕೊನೆಯನ್ನು ಕಲ್ಪಿಸಿಕೊಂಡಾಗ ಅವನಿಗೆ ಕಂಡದ್ದು ಕಿರೀಟವಲ್ಲ, ಕೆಳಗಿಟ್ಟ ಒಂದು ದಂಡ. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಮಿಲ್ಟನ್ನಿನದೆಂದು ಬಹುತೇಕ ಎಲ್ಲರೂ ಒಪ್ಪುವ ಒಂದು ದೊಡ್ಡ ಲ್ಯಾಟಿನ್ ಗ್ರಂಥದ ಹಸ್ತಪ್ರತಿ 1823ರಲ್ಲಿ ಲಂಡನ್ನಿನ ಸರ್ಕಾರಿ ಕಾಗದಗಳ ನಡುವೆ ಸಿಕ್ಕಿತು. ಅದರಲ್ಲಿ, ಸತ್ತಾಗ ಆತ್ಮ ಬೇರೆಯಾಗಿ ಎಲ್ಲಿಗೂ ಹೋಗುವುದಿಲ್ಲ, ಮೈಯ ಜೊತೆಗೇ ಸಾಯುತ್ತದೆ, ಪುನರುತ್ಥಾನದ ದಿನ ಎರಡೂ ಒಟ್ಟಿಗೆ ಏಳುತ್ತವೆ ಅಂತ ವಾದ ಇದೆ. ಚರ್ಚು ಒಪ್ಪದ ಮಾತು ಇದು. ಕಾವ್ಯದ ಹತ್ತನೇ ಪುಸ್ತಕದಲ್ಲಿ ಆದಾಮನೂ, ಹಾಗಾದರೆ ನಾನು ಪೂರ್ತಿಯಾಗಿಯೇ ಸಾಯುತ್ತೇನೆ ಅನ್ನುವ ತೀರ್ಮಾನಕ್ಕೆ ಬರುತ್ತಾನೆ. ಆ ಗ್ರಂಥದ ಒಂದು ಯೋಚನೆ ನನಗೆ ತುಂಬ ಹಿಡಿಸಿತು. ಸತ್ತವನಿಗೆ ನಡುವಿನ ಕಾಲ ಗೊತ್ತೇ ಆಗುವುದಿಲ್ಲ. ಕಣ್ಣು ಮುಚ್ಚಿದ್ದು, ಕ್ರಿಸ್ತನ ಮುಂದೆ ಕಣ್ಣು ಬಿಟ್ಟದ್ದು, ಎರಡೂ ಒಂದೇ ಗಳಿಗೆ ಅನ್ನಿಸುತ್ತದೆ. ಅಂದರೆ ಕಾಯುವ ಕೆಲಸ ಇರುವುದು ಬದುಕಿರುವವರಿಗೆ ಮಾತ್ರ.

ಪ್ರಕಟನೆಯ ಸಾಮಾನುಗಳನ್ನು ಮಿಲ್ಟನ್ ಬಿಸಾಡಲಿಲ್ಲ. ಜಾಗ ಬದಲಿಸಿದ. ಕೊನೆಯಲ್ಲಿ ಇರಬೇಕಾದದ್ದನ್ನು ಮೊದಲಿಗೆ ತಂದ. ಆರನೇ ಪುಸ್ತಕದಲ್ಲಿ ಪರಲೋಕದ ಯುದ್ಧ ಇದೆ, ಅದು ಇನ್ನೂ ಮನುಷ್ಯನೇ ಹುಟ್ಟುವ ಮೊದಲು. ಇಲ್ಲೂ ಮೂರನೇ ದಿನ. ಮಗ ರಥ ಏರಿ ಬರುತ್ತಾನೆ, ಆದರೆ ತನ್ನ ಬಲದಲ್ಲಿ ಅರ್ಧವನ್ನೂ ಬಳಸುವುದಿಲ್ಲ, ಸಿಡಿಲನ್ನು ನಡುವೆಯೇ ತಡೆದು ಹಿಡಿಯುತ್ತಾನೆ. ಪೂರ್ತಿ ನಾಶ ಮಾಡುವುದು ಅವನ ಉದ್ದೇಶ ಅಲ್ಲ. ದಂಗೆಯೆದ್ದ ದೂತರು ಒಂಬತ್ತು ದಿನ ಬೀಳುತ್ತಲೇ ಇರುತ್ತಾರೆ. ನಾಲ್ಕನೇ ಪುಸ್ತಕ ಶುರುವಾಗುವುದಂತೂ ಒಂದು ನಿಟ್ಟುಸಿರಿನಿಂದ. ಪ್ರಕಟನೆಯಲ್ಲಿ ಘಟಸರ್ಪ ಕೆಳಗೆ ಬಿದ್ದಾಗ, ಭೂಮಿಯವರೇ ಅಯ್ಯೋ ನಿಮ್ಮ ಗತಿ ಅಂತ ಒಂದು ಧ್ವನಿ ಕೂಗುತ್ತದೆ. ಆ ಧ್ವನಿ ಈಗ ಕೂಗಬಾರದಿತ್ತೇ ಅನ್ನುತ್ತಾನೆ ಕವಿ, ಯಾಕೆಂದರೆ ಸೈತಾನ ಈಗ ಏದೆನಿನ ಬೇಲಿಯ ಹತ್ತಿರ ಇದ್ದಾನೆ, ಒಳಗೆ ಇಬ್ಬರು ಏನೂ ಗೊತ್ತಿಲ್ಲದೆ ಇದ್ದಾರೆ. ಯಾವ ಧ್ವನಿಯೂ ಕೂಗುವುದಿಲ್ಲ. ಮಗು ಬಾವಿಯ ಕಡೆ ಹೋಗುವುದನ್ನು ದೂರದ ಮಹಡಿಯಿಂದ ನೋಡಿದವರ ಸಂಕಟ ಅದು.

ಮಿಲ್ಟನ್ನಿನ ನಂತರದವರ ಬಗ್ಗೆ ಎರಡೇ ಮಾತು. ವಿಲಿಯಂ ಬ್ಲೇಕ್ ಅಚ್ಚು ಹಾಕಿಸದೆ ಬಿಟ್ಟ 'ದಿ ಫೋರ್ ಜೋವಾಸ್' ಎಂಬ ಕಾವ್ಯದಲ್ಲಿ ಒಂಬತ್ತನೇ ರಾತ್ರಿಗೆ ಕೊನೆಯ ತೀರ್ಪು ಅಂತಲೇ ಹೆಸರು. ಅಲ್ಲಿ ನಡೆಯುವುದು ಬೇಸಾಯ! ಉಳುಮೆ, ಬಿತ್ತನೆ, ಕೊಯಿಲು, ದ್ರಾಕ್ಷಿ ತುಳಿಯುವುದು, ಕಾಳು ಬೀಸಿ ರೊಟ್ಟಿ ಮಾಡುವುದು. ತೀರ್ಪನ್ನು ಸುಗ್ಗಿಯಾಗಿ ಕಂಡವನು ಅವನು. ವರ್ಡ್ಸ್‌ವರ್ತ್ ತನ್ನ 'ದಿ ಪ್ರಿಲ್ಯೂಡ್'ನಲ್ಲಿ 1790ರಲ್ಲಿ ಗೆಳೆಯನ ಜೊತೆ ಆಲ್ಪ್ಸ್ ಹತ್ತಿದ್ದನ್ನು ಹೇಳುತ್ತಾನೆ. ತುದಿ ಇನ್ನೂ ಮುಂದಿದೆ ಅಂತ ಆಸೆಯಿಂದ ಹತ್ತುತ್ತಿದ್ದರೆ, ಒಬ್ಬ ರೈತ ಸಿಕ್ಕಿ, ನೀವು ಆಗಲೇ ದಾಟಿಬಿಟ್ಟಿದ್ದೀರಿ, ಇನ್ನು ಇಳಿಯುವುದೇ ಅನ್ನುತ್ತಾನೆ. ಬೇಜಾರಿನಲ್ಲಿ ಇಳಿಯುವಾಗ ಇಕ್ಕಟ್ಟಾದ ಕಣಿವೆಯಲ್ಲಿ ಜಲಪಾತ, ಬಂಡೆ, ಮೋಡ, ಕತ್ತಲು, ಬೆಳಕು ಎಲ್ಲವೂ ಒಂದೇ ಮುಖದ ಹಾಗೆ, ಆ ಮಹಾ ಪ್ರಕಟನೆಯ ಅಕ್ಷರಗಳ ಹಾಗೆ ಕಾಣುತ್ತವೆ. ಅವನಿಗೂ ಅದು ಕಂಡದ್ದು ಇಳಿಯುವ ದಾರಿಯಲ್ಲಿ. ಸ್ಪೆನ್ಸರನ ಬೆಟ್ಟ ನೆನಪಾಯಿತಾ?

ಈಗ ಹನ್ನೆರಡನೇ ಪುಸ್ತಕ. ತಪ್ಪು ಆಗಿಹೋಗಿದೆ. ಮಿಕಾಯೇಲ ಆದಾಮನಿಗೆ ಮುಂದಿನ ಚರಿತ್ರೆಯನ್ನೆಲ್ಲ ಹೇಳುತ್ತಿದ್ದಾನೆ. ಕ್ರಿ‌ಸ್ತ ಬಂದು ಹೋದ ಮೇಲೂ ಲೋಕ ಸರಿಹೋಗುವುದಿಲ್ಲ. ಒಳ್ಳೆಯವರಿಗೆ ಕೆಟ್ಟದ್ದು, ಕೆಟ್ಟವರಿಗೆ ಒಳ್ಳೆಯದು ಮಾಡುತ್ತಾ, ತನ್ನ ಭಾರಕ್ಕೆ ತಾನೇ ನರಳುತ್ತಾ ಲೋಕ ಸಾಗುತ್ತದೆ ಅನ್ನುತ್ತಾನೆ. ಒಬ್ಬ ದೇವದೂತನ ಬಾಯಲ್ಲಿ ಇಷ್ಟು ಕಟುವಾದ ಮಾತು! 1660 ನೋಡಿದವನೇ ಬರೆಯಬೇಕು ಇದನ್ನು. ಆಮೇಲೆ ಒಳ್ಳೆಯವರು ಉಸಿರು ಬಿಡುವ ದಿನ ಬರುತ್ತದೆ. ಭೂಮಿಯೆಲ್ಲ ಏದೆನಿಗಿಂತ ಸೊಗಸಾದ ತೋಟವಾಗುತ್ತದೆ. ಆದಾಮ ಕೇಳಿ ಹೇಳುತ್ತಾನೆ, ಎಷ್ಟು ಬೇಗ ನೀನು ಕಾಲದ ಓಟವನ್ನೆಲ್ಲ ಅಳೆದುಬಿಟ್ಟೆ, ಕಾಲ ನಿಂತುಹೋಗುವ ಜಾಗದವರೆಗೂ. ಅದರಾಚೆ ಬರೀ ಆಳ, ಯಾವ ಕಣ್ಣಿಗೂ ಎಟುಕದು. ಅವನು ಯಾವಾಗ ಅಂತ ಕೇಳುವುದಿಲ್ಲ, ಗಮನಿಸಿ. ಮಿಕಾಯೇಲನೂ ಹೇಳುವುದಿಲ್ಲ. ತಿಳಿದದ್ದಕ್ಕೆ ತಕ್ಕ ಕೆಲಸ ಸೇರಿಸು, ನಂಬಿಕೆ, ತಾಳ್ಮೆ, ಪ್ರೀತಿ ಸೇರಿಸು, ಆಗ ಈ ತೋಟ ಬಿಟ್ಟು ಹೋಗಲು ನಿನಗೆ ಬೇಸರ ಇರುವುದಿಲ್ಲ ಅನ್ನುತ್ತಾನೆ. ಇಬ್ಬರೂ ಬೆಟ್ಟ ಇಳಿಯುತ್ತಾರೆ. ಮತ್ತೆ ಇಳಿಯುವುದು!

ಕೊನೆಯ ಸಾಲುಗಳು. ಆದಾಮ ಹವ್ವ ತಿರುಗಿ ನೋಡುತ್ತಾರೆ. ಮೂಡಣ ಬಾಗಿಲ ಮೇಲೆ ಉರಿಯುವ ಕತ್ತಿ, ಭಯ ಹುಟ್ಟಿಸುವ ಮುಖಗಳು, ಬೆಂಕಿಯ ಆಯುಧಗಳು. ನೋಡಿದರೆ ಕೊನೆಯ ದಿನವೇ ಬಂದಂತಿದೆ. ಆದರೆ ಇದು ಮೊದಲ ದಿನ.

ಕಣ್ಣೀರಿನ ಮಾತನ್ನು ಇಟ್ಟುಕೊಳ್ಳಿ ಅಂದಿದ್ದೆ. ಮಿಲ್ಟನ್ ಇಪ್ಪತ್ತೆಂಟರಲ್ಲಿದ್ದಾಗ, 1637ರಲ್ಲಿ, ಐರಿಷ್ ಸಮುದ್ರದಲ್ಲಿ ಮುಳುಗಿ ಸತ್ತ ಕಾಲೇಜಿನ ಗೆಳೆಯನ ಮೇಲೆ 'ಲಿಸಿಡಾಸ್' ಬರೆದ. ಅದರಲ್ಲಿ ಪರಲೋಕದ ಸಂತರು ಸುತ್ತ ನಿಂತು ಹಾಡುತ್ತಾ ಆ ಗೆಳೆಯನ ಕಣ್ಣೀರನ್ನು ಎಂದೆಂದಿಗೂ ಒರೆಸಿಬಿಡುತ್ತಾರೆ. ಪ್ರಕಟನೆಯ ಮಾತನ್ನೇ ತಂದು ಇಟ್ಟಿದ್ದ. ಮೂವತ್ತು ವರ್ಷ ಕಳೆದಿದೆ. ಈಗ ಏದೆನಿನ ತೋಟದ ಹೊರಗೆ ಗಂಡ ಹೆಂಡತಿ ನಿಂತಿದ್ದಾರೆ. ಒಂದಿಷ್ಟು ಕಣ್ಣೀರು ಬರುತ್ತದೆ, ಸಹಜವಾಗಿ. ಸುತ್ತ ಯಾವ ಸಂತರೂ ಇಲ್ಲ. ಒರೆಸಲು ದೇವರು ಇಳಿದು ಬರುವುದಿಲ್ಲ, ಆ ದಿನ ಇನ್ನೂ ದೂರ ಇದೆ. ತಾವೇ ಬೇಗ ಒರೆಸಿಕೊಳ್ಳುತ್ತಾರೆ. ಆಮೇಲೆ ಕೈ ಕೈ ಹಿಡಿದು, ಗೊತ್ತಿಲ್ಲದ ದಾರಿಯಲ್ಲಿ ನಿಧಾನವಾಗಿ ಕಾಲು ಹಾಕುತ್ತಾರೆ.